ನೆರಳಿನ ಕೆಲಸ

ನಾಲ್ಕು ವರ್ಷದ ಹಿಂದೆ, ತಿಕೋಟಾದ ಒಂದು ದ್ರಾಕ್ಷಿ ತೋಟದಲ್ಲಿ, ಬಸುರಿ ಹೆಂಗಸರು ಬರಿಗೈಯಲ್ಲಿ ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿದರು. ನೀರಿನಲ್ಲಿ ಏನು ಬೆರೆತಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಅವರಲ್ಲಿ ಒಬ್ಬಳು ಸುರೈಯಾ. ವಿಜಯಪುರದ ಜೋರಾಪುರ ಪೇಟೆಯ ತನ್ನ ಮನೆಯಲ್ಲಿ ಅವಳೀಗ ಮಗ ಯಾಸೀನನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಮೂಗು ಬಾಯಿಗೆ ಹಬೆಯ ಮಷೀನಿನ ಮುಖವಾಡ ಒತ್ತಿ ಹಿಡಿದಿದ್ದಳು. ಮಷೀನು ಗುರುಗುಟ್ಟುತ್ತಿತ್ತು. ಅದರ ಸದ್ದಿನ ಕೆಳಗೆ ಹುಡುಗನ ಎದೆಯ ಸಿಳ್ಳು ಬೇರೆಯಾಗಿ ಕೇಳುತ್ತಿತ್ತು.

ಎದುರಿಗೆ ಚಾಪೆಯ ಮೇಲೆ ಸಂಘಮಿತ್ರಾ. ಪೊಲೀಸ್ ನೌಕರಿ ಬಿಟ್ಟು ಸ್ವಂತ ತಪಾಸಣೆಯ ಕಚೇರಿ ಇಟ್ಟವಳು. ಸುರೈಯಾಳಂಥ ಕೆಲವು ತಾಯಂದಿರು ಕೂಡಿ ಅವಳಿಗೆ ಒಪ್ಪಿಸಿದ್ದು ಒಂದೇ ಪ್ರಶ್ನೆ: ನಮ್ಮ ಕೈ ಮುಳುಗಿದ ನೀರಿನಲ್ಲಿ ಏನಿತ್ತು, ಬೆರೆಸಿದವರು ಯಾರು?

"ಯಾರ ಯಾರ ಮಾತು ಕೇಳಿಲ್ಲ ಹೇಳ್ರಿ ಅಕ್ಕಾರ," ಎಂದಳು ಸುರೈಯಾ. "ಬಸರಿದ್ದಾಗ ಸಿಕ್ಕಿದ್ದೆಲ್ಲಾ ತಿಂದಿ ಅಂತಾರ ನಮ್ಮ ಅತ್ತಿ. ನಜರ ಆಗೇತಿ ಅಂತಾಳ ನಮ್ಮವ್ವ. ಮೊದಲನೇ ಡಾಕ್ಟರು ಧೂಳ ಅಂದ್ರು. ಇಡೀ ವಿಜಯಪುರನ ಧೂಳಿನ್ಯಾಗ ಐತಿ. ಹಂಗಂದ್ರ ಊರ ಹುಡುಗೂರೆಲ್ಲಾ ಹಿಂಗ ಉಸರ ಎಳೀಬೇಕಲ್ಲ?"

ಯಾಸೀನನ ಮೊಣಕೈ ಮಡಿಕೆಗಳಲ್ಲಿ ಚರ್ಮ ಬಿರಿದು ಕೆಂಪಾಗಿತ್ತು. ಶೇಂಗಾ ತುಟಿಗೆ ತಾಗಿದರೆ ಸಾಕು, ಮುಖ ಬಾತು ಕಣ್ಣು ಮುಚ್ಚಿಹೋಗುತ್ತದೆ. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ಊರಿನಲ್ಲಿ ಈ ಮನೆಯೊಳಗೆ ಅದರ ಒಂದು ಕಾಳೂ ಇರಲಿಲ್ಲ. ಮದುವೆಗೆ ಹೋದರೆ ಸುರೈಯಾ ಮಗನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದೇ ಕೂಡುತ್ತಾಳೆ.

ಮಕ್ಕಳ ಡಾಕ್ಟರೊಬ್ಬರು ಹೇಳಿದ ಮಾತು ಸಂಘಮಿತ್ರಾಳ ತಲೆಯಿಂದ ಇಳಿದಿರಲಿಲ್ಲ. "ಬಸಿರಿನಾಗ ತಾಯಿ ಮೈಗೆ ಕೀಟನಾಶಕ ಹತ್ತಿದ್ರ ಹುಟ್ಟೂ ಮಕ್ಕಳಿಗೆ ಇಂಥ ತ್ರಾಸಿನ ಅಪಾಯ ಹೆಚ್ಚಾಗಬಹುದು ಅಂತ ಕೆಲವು ಅಧ್ಯಯನ ಹೇಳ್ತಾವ. ಆದ್ರ ಈ ಹುಡುಗಗ ಅದರಿಂದನ ಬಂದೈತಿ ಅಂತ ನಾ ಬರದು ಕೊಡೂದಿಲ್ಲ. ಬರದ್ರ ಸುಳ್ಳಾಗತೈತಿ."

ಆ ಪ್ರಾಮಾಣಿಕತೆಗೆ ಅವಳು ತಲೆಬಾಗಿದ್ದಳು. ಅದೇ ಪ್ರಾಮಾಣಿಕತೆ ಅವಳ ನಿದ್ದೆಯನ್ನೂ ಕೆಡಿಸಿತ್ತು. ಕೋರ್ಟಿಗೆ ಬೇಕಾದದ್ದು ಒಂದು ಗಾಯ, ಒಬ್ಬ ಅಪರಾಧಿ, ಇವೆರಡರ ನಡುವೆ ಒಂದು ಗೆರೆ. ಇಲ್ಲಿ ಗೆರೆ ಇರಬೇಕಾದ ಜಾಗದಲ್ಲಿ 'ಆಗಬಹುದು' ಎಂಬ ಪದ ನಿಂತಿತ್ತು. ಆ ಪದದ ನೆರಳಿನಲ್ಲಿ ಎಷ್ಟು ಜನ ಸಾವಕಾರರು ಆರಾಮಾಗಿ ಮಲಗಿದ್ದಾರೋ.

ತೋಟದ ಮಾಲೀಕ ಸತೀಶಕುಮಾರನಂತೂ ನಿನ್ನೆ ತಿಕೋಟಾದಲ್ಲಿ ನಗುನಗುತ್ತಲೇ ಕಪಾಟು ತೆರೆದು ತೋರಿಸಿದ್ದ. ಒಳಗೆ ಮೊಣಕೈವರೆಗೆ ಬರುವ ರಬ್ಬರ್ ಕೈಗವಸುಗಳು, ಜೋಡಿ ಜೋಡಿಯಾಗಿ. "ಪ್ರತಿ ಹೆಣ್ಣಮಗಳಿಗೂ ಕೊಟ್ಟೀನ್ರಿ. ಯಾರನ್ನ ಬೇಕಾದ್ರೂ ಕೇಳ್ರಿ."

"ಗ್ಲೌಸ್ ಕೊಟ್ಟಿದ್ರೇನು?" ಸಂಘಮಿತ್ರಾ ಈಗ ಕೇಳಿದಳು.

"ಕೊಟ್ಟಿದ್ರು. ಸುಳ್ಳ ಯಾಕ ಹೇಳ್ಲಿ."

"ಮತ್ತ ಬರಿಗೈಲೆ ಯಾಕ ಅದ್ದಿದ್ರಿ?"

ಯಾಸೀನ ಮುಖವಾಡ ಕಿತ್ತು ಅಳತೊಡಗಿದ. ಸುರೈಯಾ ಅವನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಉತ್ತರ ಆ ಅಳುವಿನಲ್ಲಿ ತಪ್ಪಿಹೋಯಿತು. ಸಂಘಮಿತ್ರಾ ಬೇರೆ ದಾರಿ ಹಿಡಿದಳು.

"ನೀರು ಹೆಂಗಿತ್ತು?"

"ತೆಳ್ಳನ ಮಜ್ಜಿಗಿ ಇದ್ದಂಗ. ಸಣ್ಣಗ ನಾರತಿತ್ತು. ಟಾನಿಕ್ ಅಂದಿದ್ರು ಸಾವಕಾರ್ರು, ಕಾಳ ಹಿಗ್ಗೂ ಟಾನಿಕ್." ಸುರೈಯಾಳ ದನಿಯಲ್ಲಿ ಹಳೆಯ ಹೆಮ್ಮೆಯೊಂದು ಇಣುಕಿತು. "ನನ್ನ ಸಾಲು ಎಲ್ಲಾರಕಿಂತ ಸ್ವಚ್ಛ ಇರತಿತ್ರಿ ಅಕ್ಕಾರ. ಗೊನಿ ಅದ್ದಿ ಎತ್ತೂದ ತಡ, ಒಳಗ ಕುಂತ ಬಿಳಿ ಹಿಟ್ಟಿನ ಹುಳಾ ಪಟಪಟ ಉದರತಿದ್ವು. ನನ್ನ ಮುಂಗೈ ಮ್ಯಾಲ ಬೀಳತಿದ್ವು, ಸತ್ತು."

ಸಂಘಮಿತ್ರಾ ಚಹದ ಕಪ್ಪನ್ನು ಕೆಳಗಿಟ್ಟಳು. ಕಾಳು ಹಿಗ್ಗಿಸುವ ಟಾನಿಕ್ಕಿಗೆ ಹುಳ ಏಕೆ ಸಾಯಬೇಕು?

"ಅಕ್ಕಾರ, ಇನ್ನೊಂದು ಮಾತು. ಬಬಲೇಶ್ವರದಾಗ ಅದ ಸಾವಕಾರ್ರ ಹೊಸಾ ಪ್ಲಾಟಿನ್ಯಾಗ ಗೊನಿ ಅದ್ದೂ ಡಿಪ್ಪಿಂಗ್ ಸುರು ಆಗೇತಿ. ರೇಣುಕವ್ವನ ಸೊಸಿ ಕಾವ್ಯಾನೂ ಹೋಗಾಕತ್ತಾಳ. ಚೊಚ್ಚಲ ಬಸರು. ಅಕಿಗೂ ನೆಳ್ಳಿನ ಕೆಲಸಾನ ಕೊಟ್ಟಾರಂತ."

ರೇಣುಕವ್ವ ಆ ಹೆಂಗಸರ ಗ್ಯಾಂಗನ್ನು ಕೂಡಿಸಿ ಕೆಲಸ ಮಾಡಿಸುವ ಮುಕಾದಮಿ. ಆಗಲೂ ಅವಳೇ, ಈಗಲೂ ಅವಳೇ.

"ನೆಳ್ಳಿನ ಕೆಲಸಾ ಅಂದ್ರ?"

"ಬಸರಿ ಹೆಂಗಸಿಗೆ ಬುಟ್ಟಿ ಹೊರಸೂದಿಲ್ರಿ, ಬಿಸಲಾಗ ನಿಂದರಸೂದಿಲ್ಲ. ಬಳ್ಳಿ ಚಪ್ಪರದ ಕೆಳಗ ತಣ್ಣಗ ನಿಂತು ಗೊನಿ ಅದ್ದೂದಷ್ಟ. ರೇಣುಕವ್ವನ ಮನಸ ದೊಡ್ಡದು." ಸುರೈಯಾ ಮಗನ ತಲೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಅಕಿನ್ನ ಮೊದಲ ಅಲ್ಲಿಂದ ಹೊರಗ ತಗೀರಿ. ನನ್ನ ಪ್ರಶ್ನಿ ನಾಳಿಗಿರ್ಲಿ."

* * *

ಸ್ಟೇಷನ್ ರಸ್ತೆಯಲ್ಲಿ ಗುರುಪಾದಯ್ಯನ ಔಷಧ ಅಂಗಡಿ. ಔಷಧ ಮನುಷ್ಯರದಲ್ಲ, ಬೆಳೆಯದು. ಸತೀಶಕುಮಾರನ ತೋಟಗಳಿಗೆ ಸಾಮಾನು ಹೋಗುವುದು ಇಲ್ಲಿಂದಲೇ ಎಂದು ಸಂಘಮಿತ್ರಾಳಿಗೆ ಗೊತ್ತಿತ್ತು. ಹಣೆಯ ವಿಭೂತಿ ಇನ್ನೂ ಆರದ ಗುರುಪಾದಯ್ಯ ಬಾಟಲಿ ಒರೆಸಿ ಒರೆಸಿ ಸಾಲಾಗಿ ಜೋಡಿಸುತ್ತಿದ್ದ.

"ನಮ್ಮ ಮಾಳಗಿ ಮ್ಯಾಲ ಒಂದು ದ್ರಾಕ್ಷಿ ಬಳ್ಳಿ ಐತ್ರಿ," ಎಂದಳು. "ಕಾಳೂ ಹಿಗ್ಗಬೇಕು, ಬಿಳಿ ಹಿಟ್ಟಿನ ಹುಳಾನೂ ಉದರಬೇಕು. ಎರಡೂ ಆಗೂವಂಥ ಒಂದು ಟಾನಿಕ್ ಕೊಡ್ರಿ."

ಗುರುಪಾದಯ್ಯ ನಕ್ಕ. "ಭಾಳ ಶಾಣ್ಯಾ ಅದೀರಿ. ಟಾನಿಕ್ ಬ್ಯಾರೆ, ಹುಳಾ ಕೊಲ್ಲೂ ಎಣ್ಣಿ ಬ್ಯಾರೆ ಬಾಯಾರ. ಟಾನಿಕ್ಕಿನಾಗ ಒಂದು ಇರವಿ ಒಗೀರಿ, ಈಸಿ ದಂಡಿಗಿ ಬಂದು ಕುಂದರತೈತಿ."

"ಹುಳಾ ಸಾಯಬೇಕಂದ್ರ?"

"ಎಣ್ಣಿ ಹೊಡೀಬೇಕು. ಬ್ಯಾರೆ ದಿನಾ, ಬ್ಯಾರೆ ಪಂಪು. ಮಾರಿಗಿ ಅರಿವಿ ಕಟಗೊಂಡು ಗಂಡಸರು ಹೊಡೀತಾರ. ಹೊಡದಮ್ಯಾಲ ತೋಟದಾಗ ಯಾರೂ ಕಾಲ ಇಡಬಾರದು."

"ಎರಡೂ ಒಂದ ಡ್ರಮ್ಮಿನ್ಯಾಗ ಕಲಸಿ, ಹೆಣ್ಣಮಕ್ಕಳ ಕೈಲೆ ಗೊನಿ ಅದ್ದಿಸಿದ್ರ?"

"ಅಂಥಾ ಹುಚ್ಚರು ಯಾರದಾರ..." ಎನ್ನುತ್ತಿದ್ದವನು ಮಾತನ್ನು ಅರ್ಧಕ್ಕೆ ಬಿಟ್ಟ. ಬಾಟಲಿ ಒರೆಸುವ ಕೈ ನಿಂತಿತು.

"ಕೂಲಿ ಉಳೀತೈತಲ್ರಿ. ಒಂದ ಪಾಳಿಯೊಳಗ ಎರಡು ಕೆಲಸಾ. ಸತೀಶಕುಮಾರ ಸಾವಕಾರ್ರು ಎರಡೂ ಸಾಮಾನು ಕೂಡೇ ಒಯ್ತಾರೇನು?"

ಗುರುಪಾದಯ್ಯ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ನಿಮ್ಮ ಮಾಳಗಿ ಎಲ್ಲಿ ಬರತೈತ್ರಿ?"

"ಜೋರಾಪುರ ಪೇಟಿ ಕಡೆ."

"ಅಲ್ಲಿ ದ್ರಾಕ್ಷಿ ಬೆಳದದ್ದು ನಾ ಕೇಳಿಲ್ಲ."

"ಹೌದ್ರಿ. ಹುಳಾ ಅಷ್ಟ ಬೆಳದಾವ."

ಅವಳು ಮೆಟ್ಟಿಲು ಇಳಿಯುವಾಗ ಹಿಂದೆ ಅವನು ಫೋನಿನಲ್ಲಿ ಯಾರಿಗೋ "ಸಾವಕಾರ್ರ" ಎನ್ನುವುದು ಕೇಳಿಸಿತು. ಅವಳೂ ಫೋನ್ ತೆಗೆದಳು. ಕೃಷಿ ಇಲಾಖೆಯ ಅಧಿಕಾರಿ ಎಲ್ಲ ಕೇಳಿ, ಮಧ್ಯಾಹ್ನ ಬಬಲೇಶ್ವರಕ್ಕೆ ಬರುತ್ತೇನೆ ಎಂದ. ಡ್ರಮ್ಮು ತುಂಬಿದ್ದ ಹಾಗೆಯೇ ಇರಬೇಕು. ತಾನೇ ತೆಗೆದು ಮುದ್ರೆ ಒತ್ತಿದ ನೀರಿಗಷ್ಟೇ ಬೆಲೆ. "ನೀವು ಬಾಟ್ಲಿಯೊಳಗ ತುಂಬಿ ತಂದದ್ದು ನಡಿಯೂದಿಲ್ಲ ಮೇಡಮ್, ನೀವ ಕಲಸಿದ್ರಿ ಅಂದುಬಿಡ್ತಾರ."

ಸ್ಕೂಟಿಯ ಮೇಲೆ ಊರು ದಾಟುವಾಗ ಅವಳಿಗೆ ಒಂದು ವಿಚಾರ ಬಂತು. ಹೊರದೇಶಕ್ಕೆ ಹೋಗುವ ದ್ರಾಕ್ಷಿಯಲ್ಲಿ ವಿಷದ ಅಂಶ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆದು ನೋಡುತ್ತಾರೆ. ತಿನ್ನುವವರು ದೂರದಲ್ಲಿದ್ದಾರೆ, ಅವರ ಬಾಯಿಗೆ ಕಾವಲು ಇದೆ. ಅದೇ ಗೊನೆ ಹಿಡಿದ ಕೈಯನ್ನು ಅಳೆಯಲು ಯಾರೂ ಬರಲಿಲ್ಲ. ಆ ಕೈಯ ಒಡತಿಯ ಹೊಟ್ಟೆಯಲ್ಲಿದ್ದದ್ದನ್ನಂತೂ ಲೆಕ್ಕಕ್ಕೇ ಹಿಡಿದಿಲ್ಲ.

* * *

ಬಬಲೇಶ್ವರದ ಪ್ಲಾಟಿನಲ್ಲಿ ಬಳ್ಳಿಗಳು ತಲೆಯ ಮೇಲೆ ಚಪ್ಪರವಾಗಿ ಹಬ್ಬಿದ್ದವು. ಹೊರಗೆ ಕರಿನೆಲದ ಮೇಲೆ ಚಳಿಗಾಲದ ಬಿಸಿಲು, ಒಳಗೆ ಹಸಿರು ತಂಪು. ಸಾಲಿನ ತುದಿಯಲ್ಲಿ ನೀಲಿ ಡ್ರಮ್ಮು. ಹೆಂಗಸರು ಅದರಿಂದ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತುಂಬಿಕೊಂಡು ಹೋಗಿ, ಗೊನೆಯ ಕೆಳಗೆ ಮಗ್ಗು ಹಿಡಿದು, ಗೊನೆ ಮುಳುಗಿಸಿ ಎತ್ತಿ ಮುಂದಿನದಕ್ಕೆ ಸರಿಯುತ್ತಿದ್ದರು.

ಸಂಘಮಿತ್ರಾ ಸಾಲಿನುದ್ದಕ್ಕೂ ಕೈಗಳನ್ನಷ್ಟೇ ನೋಡಿದಳು. ಕಪ್ಪು ರಬ್ಬರ್ ಕೈಗವಸು. ಮತ್ತೊಂದು ಜೋಡಿ. ಮತ್ತೊಂದು. ಸತೀಶಕುಮಾರ ಸುಳ್ಳು ಹೇಳಿರಲಿಲ್ಲ.

ಸಾಲಿನ ಕೊನೆಯಲ್ಲಿ ಬರಿಗೈಯವಳು ಒಬ್ಬಳಿದ್ದಳು. ತುಂಬಿದ ಹೊಟ್ಟೆಯ ಹುಡುಗಿ. ಕೈ ಎತ್ತಿದಾಗಲೆಲ್ಲ ಮುಂಗೈಯಿಂದ ಮೊಣಕೈವರೆಗೆ ತುಂಬಿದ ಹಸಿರು ಬಳೆಗಳು ಗಲ್ಲೆನ್ನುತ್ತಿದ್ದವು. ಬೆಳ್ಳನೆಯ ನೀರು ಬಳೆಯಿಂದ ಬಳೆಗೆ ಇಳಿದು, ಮೊಣಕೈಯ ಮಡಿಕೆಗೆ ಬಂದು, ಹನಿಹನಿಯಾಗಿ ಹೊಟ್ಟೆಯ ಮೇಲಿನ ಸೀರೆಗೆ ಬೀಳುತ್ತಿತ್ತು.

ಬೆಳಿಗ್ಗೆ ಸುರೈಯಾಳ ಬಾಯಿಂದ ಬರಬೇಕಿದ್ದ ಉತ್ತರ ಕಣ್ಣೆದುರಿಗೇ ನಿಂತಿತ್ತು.

"ಯಾರ ಬೇಕಾಗಿತ್ರಿ ಬಾಯಾರ?" ಡ್ರಮ್ಮಿನ ಹತ್ತಿರ ನಿಂತಿದ್ದ ಹಿರಿಯಳು ಕೇಳಿದಳು. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿದಿದ್ದಳು.

"ರೇಣುಕವ್ವ ನೀವ ಏನು?"

"ಸಾವಕಾರ್ರ ಬಾಯಾಗ ರೇಣುಕವ್ವ. ಇವರ ಬಾಯಾಗ ಪೀಡಾ." ಸಾಲಿನಲ್ಲಿ ಒಂದಿಬ್ಬರು ನಕ್ಕರು.

ಸಂಘಮಿತ್ರಾ ತಾನು ಯಾರೆಂದು ಹೇಳಿದಳು. ಯಾರ ಪರವಾಗಿ ಬಂದಿದ್ದಾಳೆ ಎಂಬುದನ್ನೂ ಮುಚ್ಚಿಡಲಿಲ್ಲ. ಸುರೈಯಾಳ ಹೆಸರು ಕೇಳಿದಾಗ ರೇಣುಕವ್ವನ ಮುಖ ಸಡಿಲಾಯಿತು. "ಅಕಿ ಕೈ ಭಾಳ ಚುರುಕಿತ್ತು. ಮಗಾ ಹೆಂಗದಾನ?"

"ಉಸರ ತಗೊಳ್ಳಾಕ ಮಷೀನು ಹಚ್ಚಿರತಾರ. ನಿಮ್ಮ ಸೊಸಿಗಿ ಗ್ಲೌಸ್ ಯಾಕಿಲ್ಲ?"

"ಕುಬಸದ ಬಳಿ ಅವು, ಬಸರಿಗಿ ಹರಸಿ ಇಟ್ಟದ್ದು. ಹಡಿಯೂ ಮಟಾ ತಗಿಯಂಗಿಲ್ಲ. ಗ್ಲೌಸು ಮೊಣಕೈ ತನಾ ಏರಬೇಕು, ಬಳಿ ಮ್ಯಾಲ ಏರೂದಿಲ್ಲ. ಜಗ್ಗಿದ್ರ ಬಳಿ ಒಡೀತಾವ. ಹೊಟ್ಟೀಲಿದ್ದಾಕಿ ಬಳಿ ಒಡೀಬಾರದು ಬಾಯಾರ."

"ಸುರೈಯಾ?"

"ಅವರ ಮಂದ್ಯಾಗೂ ಹಸರ ಬಳಿ ಇಡಸ್ತಾರಲ್ಲ. ಹೊಟ್ಟಿ ಯಾವ ಜಾತಿದಾದ್ರೇನು."

ಇಡೀ ಗ್ಯಾಂಗಿಗೆ ಕೈಗವಸು ಸಿಕ್ಕಿತ್ತು. ಯಾರಿಗೆ ಎಲ್ಲರಿಗಿಂತ ಮೊದಲು ಬೇಕಿತ್ತೋ ಅವರ ಕೈ ಮಾತ್ರ ಬರಿದಾಗಿತ್ತು. ಎಲ್ಲರಿಗಿಂತ ಹೆಚ್ಚು ಹೊತ್ತು ಆ ನೀರಿನಲ್ಲಿ ಕೈ ಅದ್ದಿದ್ದೂ ಅವರೇ. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಬಳೆ ಇಟ್ಟವರು ಹರಸಿ ಇಟ್ಟಿದ್ದರು, ಕೆಲಸ ಕೊಟ್ಟವಳು ಕರುಣೆಯಿಂದ ಕೊಟ್ಟಿದ್ದಳು. ಅದನ್ನೆಲ್ಲ ಬಲ್ಲವನೊಬ್ಬ ಕಪಾಟು ತೆರೆದು ಕೈಗವಸು ತೋರಿಸುತ್ತಿದ್ದ.

"ಬ್ಯಾರೆ ಗ್ಯಾಂಗಿನವರು ಬಸರಾತಂದ್ರ ನಾಳಿಂದ ಬರಬ್ಯಾಡ ಅಂತಾರ," ರೇಣುಕವ್ವ ಹೇಳುತ್ತಿದ್ದಳು. "ನಾ ಅನ್ನೂದಿಲ್ಲ. ಬಿಸಲಿಗಿ ಕಳಸೂದಿಲ್ಲ. ಅದಕ ನನ್ನ ಹೆಸರ ಹೇಳ್ತಾರ."

"ಡ್ರಮ್ಮಿಗಿ ಎರಡು ಡಬ್ಬಿ ಸುರೀತೀರಿ. ಒಂದು ಕಾಳ ಹಿಗ್ಗೂದು. ಇನ್ನೊಂದು ಎದಕ?"

ರೇಣುಕವ್ವನನ್ನು ಯಾರೂ ಇದುವರೆಗೆ ಇದನ್ನು ಕೇಳಿರಲಿಲ್ಲ. "ಹುಳಕ್ಕ ಅಂದ್ರು ಸಾವಕಾರ್ರು. ಚೀಟಿ ಹರದ ಡಬ್ಬಿ ತಂದು ಕೊಡತಾರ, ಅಳತಿ ಹೇಳತಾರ, ನಾ ಕಲಸತೀನಿ. ತಿಕೋಟಾದಾಗೂ ನಾನ ಕಲಸತಿದ್ದೆ."

"ಚೀಟಿ ಯಾಕ ಹರದಾರ ಅಂತ ಕೇಳಲಿಲ್ಲ?"

"ಚೀಟಿ ಇದ್ರ ನಾ ಓದತಿದ್ದೆನೇನು?"

"ಹುಳಾ ಸಾಯೂದು ನೋಡೀರಿ."

"ನೋಡೇನಿ. ಹುಳದ ಅಳತಿ ವಿಷಾ ಮನಷ್ಯಾಗ ಏನ ಮಾಡತೈತಿ ಅನಕೊಂಡೆ."

"ಹೊಟ್ಟ್ಯಾಗಿಂದು ಎಷ್ಟ ಅಳತಿ ಇರತೈತಿ ರೇಣುಕವ್ವ, ಮೊದಮೊದಲಿಗೆ?"

ರೇಣುಕವ್ವ ಸಾಲಿನ ಕೊನೆಯತ್ತ ನೋಡಿದಳು. ಕಾವ್ಯಾ ಮಗ್ಗು ಎತ್ತುತ್ತಿದ್ದಳು. ಬಳೆಗಳ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು.

"ಎಲ್ಲಾ ಮಕ್ಕಳಿಗೂ ಆಗತೈತಿ ಅಂತ ನಾ ಹೇಳೂದಿಲ್ಲ," ಎಂದಳು ಸಂಘಮಿತ್ರಾ. "ಯಾಸೀನಗ ಇದರಿಂದನ ಆತು ಅಂತಾನೂ ನನಗ ಹೇಳಾಕ ಬರೂದಿಲ್ಲ. ಅಪಾಯ ಹೆಚ್ಚು ಅಂತಾರ, ಅಷ್ಟ. ಆದ್ರ ಆ ಅಪಾಯ ಹೊತ್ತಾಕಿಗಿ ಅದು ಗೊತ್ತಿರಬೇಕಾಗಿತ್ತು. ಗೊತ್ತಿದ್ದು ಹೊರೂದು ಬ್ಯಾರೆ."

ರೇಣುಕವ್ವ ಕೂಗಿ ಕರೆದಳು. "ಕಾವ್ಯಾ. ಮಗ್ಗ ಇಡು ಬೇ. ಹೊರಗ ಬಾ, ಕೈ ತೊಳಕೊ. ಎಲ್ಲಾರೂ ಇಡ್ರಿ."

ಕಾವ್ಯಾ ಬಂದು, ಕೊಡದ ನೀರಿನಲ್ಲಿ ಬಳೆ ಹಿಂದೆ ಮುಂದೆ ಸರಿಸಿ ಸರಿಸಿ ಕೈ ತೊಳೆದಳು. ಚಪ್ಪರದೊಳಗೆ ಮಾತು ಚೆನ್ನಾಗಿ ಹರಿಯುತ್ತದೆ, ಅವಳಿಗೆ ಎಲ್ಲ ಕೇಳಿಸಿತ್ತು.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಗುರುಪಾದಯ್ಯನ ಫೋನು ತನ್ನ ಕೆಲಸ ಮಾಡಿತ್ತು.

ಸತೀಶಕುಮಾರ ಅವಸರವಿಲ್ಲದೆ ಇಳಿದ. "ನಿನ್ನೆ ತಿಕೋಟಾದಾಗ ಚಹಾ ಕುಡಿಯದ ಹೋದ್ರಿ ಮೇಡಮ್. ಇವತ್ತ ಬಿಡೂದಿಲ್ಲ ನೋಡ್ರಿ." ಹೆಂಗಸರ ಕಡೆ ತಿರುಗಿದ. "ಇವತ್ತಿಗಿ ಸಾಕು. ಕಾವ್ಯಾಗ ಮನಿಗಿ ಕಳಸು ರೇಣುಕವ್ವ, ಇನ್ನ ಮುಂದ ಆಕಿ ಡಿಪ್ಪಿಂಗಿಗೆ ಬರೂದು ಬ್ಯಾಡ. ಎಲ್ಲಾರಿಗೂ ಪೂರಾ ಪಗಾರ. ಡ್ರಮ್ಮ ಆ ಗಟಾರದಾಗ ಉಳ್ಳಿಸಿ ನೀರ ಚೆಲ್ಲಿಬಿಡು."

ಸಂಘಮಿತ್ರಾ ಕೇಳಬೇಕೆಂದಿದ್ದನ್ನೆಲ್ಲ, ಅವಳು ಕೇಳುವ ಮೊದಲೇ ಅವನು ಕೊಟ್ಟಿದ್ದ. ಬದಲಿಗೆ ಬಯಸಿದ್ದು ಒಂದು ಡ್ರಮ್ಮು ನೀರು ಮಾತ್ರ.

"ಇಲಾಖೆಯವರು ಬರೂ ಮಟಾ ಡ್ರಮ್ಮ ಅಲ್ಲಾಡಬಾರದು," ಎಂದಳು ಸಂಘಮಿತ್ರಾ.

"ಹೊಲಾ ನಂದು, ಡ್ರಮ್ಮ ನಂದು. ಅವರು ಬಂದು ಹೇಳ್ಲಿ." ರೇಣುಕವ್ವನ ಹತ್ತಿರ ಹೋಗಿ, ಮನೆಯವನಂತೆ ಮೆಲ್ಲಗೆ ಹೇಳಿದ. "ಅವರು ಬಂದ್ರ ಮೊದಲ ಕೇಳೂದು ಕಲಸಿದಾಕಿ ಯಾರು ಅಂತ. ಡ್ರಮ್ಮಿಗಿ ನಾ ಎಂದೂ ಕೈ ಹಚ್ಚಿಲ್ಲ, ಇವರೆಲ್ಲಾ ನೋಡ್ಯಾರ. ನಿನ್ನ ಸಲುವಾಗಿ ಹೇಳಾಕತ್ತೇನಿ."

ಅದು ನಿಜ ಎಂದು ರೇಣುಕವ್ವನಿಗೆ ಗೊತ್ತಿತ್ತು. ಅವಳು ನಿಧಾನಕ್ಕೆ ನಡೆದು ಹೋಗಿ ಡ್ರಮ್ಮಿನ ಅಂಚಿಗೆ ಎರಡೂ ಕೈ ಇಟ್ಟಳು.

ಕಾವ್ಯಾ ಬಂದು ಡ್ರಮ್ಮಿಗೂ ಗಟಾರಕ್ಕೂ ನಡುವೆ ನಿಂತಳು.

"ಬಾಜೂಕ ಸರಿ ಬೇ," ಎಂದಳು ರೇಣುಕವ್ವ.

"ಕಾವ್ಯಾ, ನೀ ದೂರ ಹೋಗವಾ," ಸಂಘಮಿತ್ರಾಳೂ ಮುಂದೆ ಬಂದಳು. "ಇದರ ಗಾಳಿನೂ ನಿನಗ ಬ್ಯಾಡ. ನಾ ನಿಂದರತೀನಿ."

"ನಿಮ್ಮನ್ನ ರಟ್ಟಿ ಹಿಡದು ದಬ್ಬತಾರ್ರಿ ಅಕ್ಕಾರ. ಹೊಟ್ಟೀಲಿದ್ದಾಕಿಗಿ ಯಾರೂ ಕೈ ಹಚ್ಚೂದಿಲ್ಲ." ಅವಳು ಸತೀಶಕುಮಾರನನ್ನು ನೋಡಿ ಹೇಳಿದಳು. ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ನಿನ್ನ ಕೂಸಿನ ವಿಚಾರ ಮಾಡು, ತಂಗಿ," ಎಂದ.

"ಅದನ ಮಾಡಾಕತ್ತೇನ್ರಿ. ಇದರಾಗ ಏನೈತಿ ಅಂತ ಖರೇ ಗೊತ್ತಾಗೂದು ಇದು ನಿಂತಿದ್ರ ಅಷ್ಟ. ಉಳ್ಳಿ ಹೋದ್ರ, ನಾಳಿ ನಾನೂ ಸುರೈಯಾಕ್ಕನಂಗ ಕೂಸು ಎತಗೊಂಡು ಕಂಡಕಂಡವರನ್ನ ಕೇಳಕೋತ ತಿರಗಬೇಕು."

ರಸ್ತೆಯ ಕಡೆಯಿಂದ ಯಾವ ಗಾಡಿಯ ಸದ್ದೂ ಬರಲಿಲ್ಲ. ಹೆಂಗಸರು ಕೈಗವಸು ತೆಗೆಯುವುದನ್ನೂ ಮರೆತು ನಿಂತಿದ್ದರು.

ರೇಣುಕವ್ವನ ದನಿ ಸೊಸೆಗೆ ಮಾತ್ರ ಕೇಳುವಷ್ಟಿತ್ತು. "ಇದು ನಿಂತ್ರ ನಾ ಜೇಲಿಗಿ ಹೋಗತೀನಿ, ಕಾವ್ಯಾ."

"ಹೌದ್ರಿ ಅತ್ತಿ."

"ಗೊತ್ತಿದ್ದೂ ನಿಂತೀ?"

"ಗೊತ್ತಿದ್ದ ನಿಂತೇನಿ."

"ಬಾಜೂಕ ಸರಿ ಅಂದೆ."

"ಸರಿಯೂದಿಲ್ಲ," ಎಂದಳು ಕಾವ್ಯಾ.